ಪ್ರಾರ್ಥನೆ ಮುಗಿಯುವವರೆಗೆ

ಪಕ್ಷದ ರಾಷ್ಟ್ರೀಯ ಅಧ್ಯಕ್ಷರ ಸನ್ಮಾನದಲ್ಲಿ ಪ್ರಾರ್ಥನೆ ಹೇಳುತ್ತೇನೆಂದು ಬಸಲಿಂಗಮ್ಮ ತಾನಾಗಿಯೇ ಮುಂದೆ ಬಂದಾಗ ಮಗ ವೀರೇಂದ್ರನಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಅಮೆರಿಕದಲ್ಲಿ ಮಗನ ಮನೆಯಿದ್ದ ಓಲ್ಡ್ ಬ್ರಿಡ್ಜ್‌ನಿಂದ ಸನ್ಮಾನ ನಡೆಯುವ ಕೆಂಡಲ್ ಪಾರ್ಕ್‌ವರೆಗೂ ಕಾರಿನಲ್ಲಿ ಅವಳ ತುಟಿ ಅಲುಗುತ್ತಲೇ ಇತ್ತು.

“ಅವ್ವಾ, ಪ್ರಾಕ್ಟೀಸ್ ನಡದೈತೇನು?”

“ಹೂಂ. ತಪ್ಪಬಾರದಲ್ಲೋ.”

ತಪ್ಪುವ ಹೆಂಗಸಲ್ಲ ಅವಳು. ಮಠದಲ್ಲಿ ಅಪ್ಪ ಪುರಾಣ ಓದುವಾಗ ಕಂಬಕ್ಕೊರಗಿ ಕೇಳಿ ಬೆಳೆದವಳು. ಒಮ್ಮೆ ಕಿವಿಗೆ ಬಿದ್ದದ್ದು ಅಲ್ಲೇ ಉಳಿಯುತ್ತಿತ್ತು.

ಅಧ್ಯಕ್ಷನೆಂದರೆ ಈಶಣ್ಣ. ಇಪ್ಪತ್ತಾರು ವರ್ಷದ ಹಿಂದೆ, ಗಣಿಯವರಿಂದ ಗುಡ್ಡ ಉಳಿಸಲು ಬರಿಗಾಲಲ್ಲಿ ಊರೂರು ಸುತ್ತಿದವನು; ಅವಳು ತಟ್ಟಿದ ರೊಟ್ಟಿ ಉಂಡವನು. ಪೊಲೀಸರ ಗೋಲಿಬಾರಿನಲ್ಲಿ ಐದು ಜನ ಸತ್ತರು, ಅವರಲ್ಲಿ ಅವಳ ತಮ್ಮ ನಾಗಲಿಂಗನೂ ಒಬ್ಬ. ವಿಚಾರಣೆಗೆ ಕರೆದಾಗ ಈಶಣ್ಣ, “ಮೊದಲ ಕಲ್ಲು ತೂರಿದವನು ನಾಗಲಿಂಗ” ಎಂದು ಹೇಳಿಕೆ ಕೊಟ್ಟುಬಂದ. ಮರುವರ್ಷ ಟಿಕೆಟ್ಟು ಸಿಕ್ಕಿತು. ಶಾಸಕನಾದ, ಮಂತ್ರಿಯಾದ, ಅದೇ ಗುಡ್ಡದ ಗುತ್ತಿಗೆಗೆ ತಾನೇ ಸಹಿ ಹಾಕಿದ. ಈಗ ದಿಲ್ಲಿಯಲ್ಲಿ ಇಡೀ ಪಕ್ಷ ಅವನ ಮುಷ್ಟಿಯಲ್ಲಿ. ಭಾಷಣದಲ್ಲಿ ಮಾತ್ರ ಇಂದಿಗೂ “ನಾನು ಹೋರಾಟಗಾರ” ಎನ್ನುತ್ತಾನೆ.

ನಾಗಲಿಂಗನ ಹೆಸರಿಗೆ ಅವನು ಜನರೆದುರು ಓಗೊಡಬೇಕು. ಇಲ್ಲವೇ ಆ ಬಾಯಿ ಜನರೆದುರೇ ಕಟ್ಟಿಹೋಗಬೇಕು. ದಿನವೂ ಲಿಂಗಪೂಜೆಗೆ ಕೂತಾಗ ಅವಳು ಶಿವನಲ್ಲಿ ಬೇಡಿದ್ದು ಇದೊಂದೇ.

ವೇದಿಕೆಯ ಪಕ್ಕದಲ್ಲಿ ಸನ್ಮಾನ ಏರ್ಪಡಿಸಿದ್ದ ಕನ್ನಡ ಸಂಘದ ಜಯರಾಮು ಅವಳನ್ನು ಪರಿಚಯಿಸಿದ. “ಸಾರ್, ಇವತ್ತು ಪ್ರೇಯರ್ ಇವರದ್ದೇ.”

“ಯಾವೂರ ತಾಯಿ ನಿಮ್ದು?” ಎಂದ ಈಶಣ್ಣ.

“ಗುಡ್ಡದ ಕೆಳಗಿಂದು ರೀ.”

ಅವನು ಆಗಲೇ ಕ್ಯಾಮರಾ ಕಡೆ ನಗುತ್ತಿದ್ದ.

“ಎಲ್ಲರೂ ದಯವಿಟ್ಟು ಎದ್ದು ನಿಲ್ಲಬೇಕು” ಎಂದು ಮೈಕಿನಲ್ಲಿ ಕೇಳಿತು. ಮುನ್ನೂರು ಜನ ಎದ್ದರು. ಈಶಣ್ಣನೂ ಕೈಮುಗಿದು ನಿಂತು ಕಣ್ಣುಮುಚ್ಚಿದ. ಪ್ರಾರ್ಥನೆ ಮುಗಿಯುವವರೆಗೆ ಯಾರೂ ಕೂರುವುದಿಲ್ಲ, ನಡುವೆ ಬಾಯಿ ಹಾಕುವುದೂ ಇಲ್ಲ. ಬಸಲಿಂಗಮ್ಮ ನಂಬಿ ಬಂದದ್ದು ಈ ಪದ್ಧತಿಯನ್ನು.

ಅಪ್ಪನ ಪುರಾಣದ ಧಾಟಿಯಲ್ಲೇ ಎತ್ತಿಕೊಂಡಳು.

“ಗುಡ್ಡ ಕಾಯಾಕ ಹ್ವಾದ ಯಂಕಪ್ಪಾ... ಅದಾನ. ನೀರು ತರಾಕ ಹ್ವಾದ ದುರಗವ್ವಾ... ಅದಾಳ.”

ಈಶಣ್ಣನ ಕಣ್ಣು ತೆರೆದುಕೊಂಡವು. ಗೋಲಿಬಾರಿನ ನಂತರದ ಸಭೆಗಳಲ್ಲಿ ಸತ್ತವರ ಹೆಸರು ಹೀಗೆ ಕೂಗುತ್ತಿದ್ದವನು ಅವನೇ. “ಅದಾನ”, ಇನ್ನೂ ಇದ್ದಾನೆ, ಎಂದು ಜನ ಓಗೊಡುತ್ತಿದ್ದರು. ಹುಸೇನಸಾಬ, ಮುದುಕಪ್ಪರ ಹೆಸರೂ ಆದವು. ಐದನೆಯ ಹೆಸರು ಕೂಗಿ ಅವಳು ನಿಲ್ಲಿಸಿದಳು, ಮೈಕನ್ನು ಅವನತ್ತ ಚಾಚಿದಳು.

“ನಾಗಲಿಂಗಾ? ಇದಕ್ಕ ನೀವ ಅನಬೇಕು, ಈಶಣ್ಣ. ಮೊದಲ ಕಲ್ಲು ತೂರಿದಾವ ಅಂತ ಬರಸಿಕೊಟ್ರಲ್ಲಾ, ಅವ. ನನ್ನ ತಮ್ಮ.”

“ಆಂಟಿ, ಸಾಕು, ಪ್ಲೀಸ್!” ಜಯರಾಮು ಪಿಸುಗುಟ್ಟಿದ.

“ಪ್ರಾರ್ಥನಿ ಮುಗದಿಲ್ಲಪಾ. ನಡುವ ಬಾಯಿ ಹಾಕಬ್ಯಾಡ.”

ಮುಂದಿನ ಸಾಲಿನಲ್ಲಿ ವೀರೇಂದ್ರ ಬಿಳಿಚಿಕೊಂಡು ನಿಂತಿದ್ದ. ಸೋದರಮಾವ ಅಪಘಾತದಲ್ಲಿ ಹೋದನೆಂದೇ ಅವನಿಗೆ ಹೇಳಿ ಬೆಳೆಸಿದ್ದರು.

ಈಶಣ್ಣ ಗಂಟಲು ಸರಿಮಾಡಿಕೊಂಡ. “ತಾಯಿ, ಅದೆಲ್ಲಾ ಹಳೇ ಮಾತು...”

“ನನಗ ಇವತ್ತಿಂದು ರೀ. ಒಂದ ಮಾತು. ಅನ್ರಿ.”

ಮುಗಿದ ಕೈಗಳನ್ನು ಬಿಡಿಸಲೂ ಆಗದೆ ಅವನು ಜಯರಾಮುವಿನ ಮುಖ ನೋಡಿದ, ಬಾಗಿಲು ನೋಡಿದ. ಆಮೇಲೆ ಮೆಲ್ಲಗೆ ಕುರ್ಚಿಗೆ ಕುಸಿದ. ಮುನ್ನೂರು ಜನ ನಿಂತಿದ್ದರು, ಕೂತವನು ಅವನೊಬ್ಬನೇ. ಒಂದೊಂದಾಗಿ ಫೋನುಗಳು ಮೇಲೆದ್ದವು.

“ಕುಂಡ್ರಿ, ಕುಂಡ್ರಿ” ಎಂದಳು ಬಸಲಿಂಗಮ್ಮ. “ಜನರ ಜೋಡಿ ನಿಂತು ನಿಮಗ ರೂಢಿ ತಪ್ಪೇತಿ.”

ಮೈಕನ್ನು ಬಾಯಿಗೆ ತಂದುಕೊಂಡು ಮತ್ತೆ ಮೊದಲಿನಿಂದ ಎತ್ತಿದಳು. “ಯಂಕಪ್ಪಾ...”

ಹಿಂದಿನ ಸಾಲಿನಿಂದ ಹೆಂಗಸೊಬ್ಬಳ ದನಿ ಬಂತು: “ಅದಾನ.”

ಅವಳು ಆ ಕಡೆ ತಿರುಗಲಿಲ್ಲ. ಈಶಣ್ಣನ ತಗ್ಗಿದ ತಲೆಯನ್ನೇ ನೋಡುತ್ತ ಎರಡನೆಯ ಹೆಸರು ಕೂಗಿದಳು.