ಇಪ್ಪತ್ತನೆಯ ರೈತ

ಶ್ರೀನಿವಾಸಪುರದ ಸ್ಟೇಷನ್ನಿಗೆ ನಾನು ಸಂಜೆಯ ಹೊತ್ತು ಹೋಗುತ್ತಿದ್ದೆ. ಸಣ್ಣ ಗೇಜಿನ ಪುಟ್ಟ ರೈಲು ಮಾವಿನ ತೋಪುಗಳ ನಡುವಿನಿಂದ ತೂಕಡಿಸುತ್ತ ಬಂದು, ತೂಕಡಿಸುತ್ತಲೇ ಹೊರಟುಹೋಗುತ್ತಿತ್ತು. ಹೊಗೆ ಮರಗಳ ತಲೆಯ ಮೇಲೆ ಬಹಳ ಹೊತ್ತು ನಿಲ್ಲುತ್ತಿತ್ತು. ಅದು ಕರಗಿದ ಮೇಲೆ ನಾನು ಟಿಕೆಟ್ ಕಿಟಕಿಗೆ ಹೋಗಿ ಮದರಾಸಿಗೆ ಎಷ್ಟು ಎಂದು ಕೇಳುತ್ತಿದ್ದೆ.

"ಮೊನ್ನೆ ಎಷ್ಟಿತ್ತೋ ಇವತ್ತೂ ಅಷ್ಟೇನಮ್ಮ," ಎನ್ನುತ್ತಿದ್ದರು ಸ್ಟೇಷನ್ ಮಾಸ್ಟರ್ ಚನ್ನರಾಯಪ್ಪನವರು.

ಮೇಲ್ ಬಿಟ್ಟು ಪ್ಯಾಸೆಂಜರಿನಲ್ಲಿ ಹೋದರೆ ಕಡಿಮೆ. ಆ ಕಡಿಮೆಯೂ ನಮ್ಮ ಮನೆಗೆ ಜಾಸ್ತಿ. ಮೈಸೂರಿನಲ್ಲಿ ಎಂ.ಎ. ಓದುವಾಗ ನನಗೆ ವಿದ್ಯಾರ್ಥಿ ರಿಯಾಯಿತಿ ಇತ್ತು. ಈಗ ವಿದ್ಯಾರ್ಥಿಯಲ್ಲ. ಮತ್ತೇನಾದರೂ ಸಿಕ್ಕೀತೇ ಎಂದು ಅವರು ಒಮ್ಮೆ ಪುಸ್ತಕ ತಿರುವಿ ನೋಡಿದರು. ಆಟಗಾರರಿಗಿತ್ತು, ನಾಟಕದವರಿಗಿತ್ತು, ಕೆಲವು ಕಾಯಿಲೆಯವರಿಗಿತ್ತು. ಹಿಂದಿನ ವರ್ಷ, ಎಪ್ಪತ್ತೇಳರಲ್ಲಿ, ನನ್ನ ಗಂಡ ಕದಿರೇಶ ಮದರಾಸಿನ ಆಸ್ಪತ್ರೆಗೆ ಹೋದದ್ದು ಹಾಗೆಯೇ, ಕಡಿಮೆ ದರದಲ್ಲಿ.

ನಾನಾಗ ಮೈಸೂರಿನಲ್ಲಿ ಕೊನೆಯ ಪರೀಕ್ಷೆ ಬರೆಯುತ್ತಿದ್ದೆ. ತಂತಿ ಕೈಸೇರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಜೊತೆಗಿದ್ದ ಮೈದುನ ಅಶ್ವತ್ಥಪ್ಪ ಬೂದಿಯನ್ನು ಅಲ್ಲಿಯ ಸಮುದ್ರಕ್ಕೆ ಬಿಟ್ಟು ಊರಿಗೆ ಬಂದಿದ್ದ.

ಆ ನೀರನ್ನು ಒಮ್ಮೆ ನೋಡಬೇಕಿತ್ತು. ಬೇರೇನೂ ಬೇಕಿರಲಿಲ್ಲ.

"ಅಷ್ಟು ದುಡ್ಡು ಸುರಿದು ನೀರು ನೋಡೋಕೆ ಹೋಗ್ತಾರೇನೇ? ಮನೆ ಹಿಂದೆ ಬಾವಿ ಇಲ್ವಾ?" ಎಂದರು ಅತ್ತೆ ವೆಂಕಟರತ್ನಮ್ಮ. ಆ ದಿನವೆಲ್ಲ ಅವರು ಬಾವಿಯ ಕಡೆ ಹೋಗಲಿಲ್ಲ.

ಮಾವು ಹೂ ಬಿಟ್ಟಿದ್ದಾಗ ಯಲ್ದೂರಿನಿಂದ ಚಿಕ್ಕಮಾವ ಗಂಗುಲಪ್ಪ ಬಂದರು. ಮದರಾಸಿನಲ್ಲಿ ಕೃಷಿ ವಸ್ತುಪ್ರದರ್ಶನ ನಡೆಯುತ್ತಿತ್ತು. ಇಪ್ಪತ್ತು ಜನ ರೈತರು ಗುಂಪಾಗಿ ಹೋದರೆ ರೈಲಿನಲ್ಲಿ ರಿಯಾಯಿತಿ. ಇಪ್ಪತ್ತನೆಯವನಾದ ಪೆದ್ದಪ್ಪ ಹಿಂದಿನ ದಿನ ಮರದಿಂದ ಬಿದ್ದು ಕಾಲು ಮುರಿದುಕೊಂಡಿದ್ದ.

"ಮರ ಹತ್ತೋ ವಯಸ್ಸೇನ್ಲಾ ನಿಂದು ಅಂತ ಬೈದು ಬಂದೆ ಅತ್ತಿಗೆ," ಎಂದರು ಚಿಕ್ಕಮಾವ. "ಒಬ್ಬ ಕಮ್ಮಿಯಾದ್ರೆ ಎಲ್ರಿಗೂ ಪೂರ್ತಿ ಚಾರ್ಜು. ಯಾರನ್ನ ಕರೆದ್ರೂ ಹಸು ಈಯೋ ಹಂಗೈತೆ ಅಂತಾರೆ, ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟೋ ಹಂಗೈತೆ ಅಂತಾರೆ."

"ಇವಳನ್ನ ಕರ್ಕೊಂಡು ಹೋಗು," ಎಂದರು ಅತ್ತೆ.

ಚಿಕ್ಕಮಾವ ಗೋಡೆ ನೋಡಿದರು. "ಅದಲ್ಲ ಅತ್ತಿಗೆ. ಹೊರಡೋವಾಗ..."

"ಹೊರಡೋವಾಗ ಏನು?"

"ಗಂಡ ಇಲ್ಲದೋರು ಎದುರಿಗೆ ಬರಬಾರ್ದು ಅಂತಾರಲ್ಲ. ನಾನಲ್ಲ, ಜನ."

"ಹಂಗಾದ್ರೆ ಪೂರ್ತಿ ಚಾರ್ಜು ಕೊಟ್ಟು ಹೋಗ್ರಿ, ನೀನೂ ನಿನ್ನ ಜನಾನೂ."

ಕೊನೆಗೆ ಚಿಕ್ಕಮಾವನೇ ದಾರಿ ಹುಡುಕಿದರು. ಎಲ್ಲರೂ ಹತ್ತುವವರೆಗೆ ನಾನು ಸ್ಟೇಷನ್ನಿನ ಗೋಡೌನ್ ಹಿಂದೆ ನಿಲ್ಲುವುದು, ಆಮೇಲೆ ಕೊನೆಯ ಡಬ್ಬಿಗೆ ಹತ್ತುವುದು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೂಂ ಎನ್ನುತ್ತಿದ್ದೆ.

ಹೊರಡುವ ದಿನ ಗೋಡೌನ್ ಹಿಂದೆ ಬಿಸಿಲು ಬೆಚ್ಚಗಿತ್ತು. ಮಾವಿನ ಹೂವಿನ ವಾಸನೆಗೆ ಕಣ್ಣು ಮುಚ್ಚಿಬರುತ್ತಿತ್ತು. ಗೋಡೆಯ ಆಚೆ ಚನ್ನರಾಯಪ್ಪನವರು ತಲೆ ಎಣಿಸುವುದು ದೂರದ ಯಾವುದೋ ಶಾಲೆಯ ಮಗ್ಗಿಯಂತೆ ಕೇಳುತ್ತಿತ್ತು.

"ಹತ್ತೊಂಬತ್ತು. ಇನ್ನೊಬ್ಬರು?"

"ಅವ್ರೆ ಸ್ವಾಮಿ. ಹಿಂದೆ."

"ಹಿಂದೆ ಅಂದ್ರೆ? ಕಣ್ಣಲ್ಲಿ ನೋಡದೆ ನಾನು ಟಿಕೆಟ್ ಕೊಡಲ್ಲ."

ಇಂಜಿನ್ ಕೂಗಿತು. ಗುಂಪಿನಲ್ಲಿ ಗುಸುಗುಸು ಎದ್ದಿತು. ಮುನಿಶಾಮಿ ಎಂಬ ತರಕಾರಿ ಬೆಳೆಯುವವನ ಗಂಟಲು ಎಲ್ಲರಿಗಿಂತ ದೊಡ್ಡದು. "ಲೇ, ಕರೀರೋ ಆಯಮ್ಮನ್ನ! ಶಕುನ ಆಮೇಲೆ ನೋಡ್ಕೊಂಡ್ರಾಯ್ತು, ಚಾರ್ಜು ಈಗ್ಲೇ ಕೊಡ್ಬೇಕು!"

ನಾನು ಈಚೆ ಬಂದೆ. ಎಣಿಸಲೆಂದು ಅವರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಹಾಗಾಗಿ ಹತ್ತೊಂಬತ್ತು ಜನರಿಗೂ ನಾನು ನೇರ ಎದುರಾದೆ. ಕೆಲವರು ತಮ್ಮ ಚಪ್ಪಲಿ ನೋಡಿಕೊಂಡರು. ಗುಂಪಿನಲ್ಲಿದ್ದ ಒಬ್ಬಳೇ ಹೆಂಗಸು, ಯಲ್ದೂರಿನ ಮುದುಕಿ ಮುನಿಯಲ್ಲಮ್ಮ, ನನ್ನನ್ನು ದಿಟ್ಟಿಸಿ ನೋಡಿದಳು.

"ರಾವಮ್ಮಾ, ರಾ," ಎಂದು ತೆಲುಗಿನಲ್ಲಿ ಕರೆದಳು. "ನಿನ್ನ ಮುಖ ನೋಡಿದ್ರೆ ಚಾರ್ಜು ಕಮ್ಮಿ ಆಗ್ತದಂತೆ. ಎಲ್ರೂ ಚೆನ್ನಾಗಿ ನೋಡ್ಕೊಳ್ರೋ!"

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು.

ಚನ್ನರಾಯಪ್ಪನವರು ನನ್ನನ್ನು ಗುರುತಿಸಿದರು. "ಇವರು ರೈತರಾ?"

"ಎರಡೆಕರೆ ರಾಗಿ ಹೊಲ ಇವಳ ಹೆಸರಿಗೇ ಬಂದೈತೆ ಸ್ವಾಮಿ," ಎಂದರು ಚಿಕ್ಕಮಾವ.

ನನಗೆ ಅದು ಗೊತ್ತಿರಲಿಲ್ಲ.

"ಸರಿ. ವಾಪಸ್ ಬರೋವಾಗಲೂ ಇಪ್ಪತ್ತು ತಲೆ ಇರಬೇಕು. ಒಂದು ಕಮ್ಮಿಯಾದ್ರೂ ಎಲ್ಲರ ಹತ್ರ ಪೂರ್ತಿ ವಸೂಲು ಮಾಡ್ತಾರೆ, ನೋಡ್ಕೊಳ್ಳಿ."

ಬಂಗಾರಪೇಟೆಯಲ್ಲಿ ದೊಡ್ಡ ರೈಲು ಹತ್ತಿದೆವು. ಅಲ್ಲಿಂದಾಚೆಗೆ ನನಗೆ ನೆನಪಿರುವುದು ತುಂಡುತುಂಡಾಗಿ. ಕತ್ತಲಲ್ಲಿ ಬಂಡೆಗಳು ಮಲಗಿದ ದನಗಳಂತೆ ಹಿಂದಕ್ಕೆ ಸರಿಯುತ್ತಿದ್ದವು. ನಿದ್ದೆಯಲ್ಲಿ ನಮ್ಮ ರಾಗಿ ಹೊಲದ ಬದುವಿನವರೆಗೆ ನೀರು ಬಂದು ನಿಂತಿತ್ತು. ತೆನೆಗಳ ನಡುವೆ ರೈಲು ಸದ್ದಿಲ್ಲದೆ ತೇಲುತ್ತಿತ್ತು. ಕದಿರೇಶ ಆಚೆ ದಡದಲ್ಲಿ ಬೆನ್ನು ತಿರುಗಿಸಿ ಏನನ್ನೋ ಬಿತ್ತುತ್ತಿದ್ದ. ಕೂಗಿದರೆ ಎಚ್ಚರವಾದೀತೆಂದು ನಾನು ಕೂಗಲಿಲ್ಲ. ಯಾವುದೋ ಸ್ಟೇಷನ್ನಿನಲ್ಲಿ ಚಹಾ ಮಾರುವವನ ತಮಿಳು ಕೇಳಿಸಿತು. ಬೆಳಗಾಗಿತ್ತು.

ಪ್ರದರ್ಶನದಲ್ಲಿ ಪಂಪ್‌ಸೆಟ್ಟುಗಳು ತೊಟ್ಟಿಯಿಂದ ತೊಟ್ಟಿಗೆ ನೀರು ಎತ್ತುತ್ತಿದ್ದವು. ನಮ್ಮವರು ಅದರ ಮುಂದಿನಿಂದ ಕದಲಲಿಲ್ಲ. ಸಂಜೆಗೇ ವಾಪಸ್ ರೈಲು. ಊಟದ ಹೊತ್ತು ದಾಟಿದ ಮೇಲೆ ನಾನು ಚಿಕ್ಕಮಾವನ ಬಳಿ ಹೋದೆ.

"ಚಿಕ್ಕಮಾವ, ನಾನು ಸಮುದ್ರಕ್ಕೆ ಹೋಗಿ ಬರ್ತೀನಿ."

"ಅಯ್ಯೋ, ಟೈಮಿಲ್ಲ ಕಣಮ್ಮ ಭಾರತಿ. ನೀನು ದಾರಿ ತಪ್ಪಿದ್ರೆ ನಮ್ಮ ಹತ್ತೊಂಬತ್ತು ಜನದ ಗತಿ ಏನು? ಒಬ್ಬಳನ್ನೇ ಬಿಡಲ್ಲ."

"ಹಾಗಾದರೆ ಎಲ್ಲರೂ ಬನ್ನಿ," ಎಂದು ನಾನು ನಡೆಯತೊಡಗಿದೆ.

ಇಷ್ಟು ದೊಡ್ಡ ಮಾತು ನಾನು ಆಡಿದ್ದು ಆ ವರ್ಷದಲ್ಲಿ ಅದೇ ಮೊದಲು. ಹಿಂದೆ ಚಿಕ್ಕಮಾವ ಗಾಬರಿಯಿಂದ ಒಬ್ಬೊಬ್ಬರನ್ನೇ ಕೂಗಿ ಪಂಪ್‌ಸೆಟ್ಟಿನಿಂದ ಬಿಡಿಸುತ್ತಿದ್ದರು. "ಸಿಹಿನೀರು ಬಿಟ್ಟು ಉಪ್ಪುನೀರು ನೋಡೋಕಾ?" ಎಂದು ಮುನಿಶಾಮಿ ಗೊಣಗುತ್ತಲೇ ಓಡಿಬಂದ. ದಾರಿಯುದ್ದಕ್ಕೂ ಅವರು ನನ್ನನ್ನು ಸುತ್ತುವರಿದೇ ನಡೆದರು, ಮೇಕೆ ತಪ್ಪಿಸಿಕೊಳ್ಳದ ಹಾಗೆ.

ಮರಳಿಗೆ ಬಂದವರು ಅಲ್ಲೇ ನಿಂತರು. ಅಷ್ಟು ನೀರು ನಮ್ಮಲ್ಲಿ ಯಾರೂ ನೋಡಿರಲಿಲ್ಲ.

"ಇಷ್ಟಿದ್ದೂ ಒಂದು ಗುಂಟೆಗೆ ಆಗಲ್ವಲ್ಲಪ್ಪ," ಎಂದ ಮುನಿಶಾಮಿ, ಮೆಲ್ಲಗೆ.

"ಸುಮ್ನಿರೋ," ಎಂದಳು ಮುನಿಯಲ್ಲಮ್ಮ. ನನ್ನ ಕಡೆ ತಿರುಗಿದಳು. "ಎಲ್ಲಿ ಬಿಟ್ರಂತಮ್ಮ ಅವನ್ನ?"

"ಗೊತ್ತಿಲ್ಲ."

"ಗಂಗುಲಪ್ಪಾ, ನಿಮ್ಮ ಹುಡುಗ ಇಲ್ಲೇ ಎಲ್ಲೋ ಅವ್ನೆ."

ಚಿಕ್ಕಮಾವ ಅದುವರೆಗೆ ಅದನ್ನು ನೆನೆದಿರಲೇ ಇಲ್ಲವೆಂದು ಅವರ ಮುಖ ನೋಡಿ ತಿಳಿಯಿತು. ಪುಟ್ಟ ಕದಿರೇಶನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋಪು ಕಾಯುತ್ತಿದ್ದವರು ಅವರು. ಚಪ್ಪಲಿ ಬಿಟ್ಟರು. ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದರು. ಪಂಚೆ ಎತ್ತಿಕಟ್ಟದೆಯೇ ನೀರಿಗೆ ಇಳಿದರು. ಅವರ ಹಿಂದೆ ಒಬ್ಬೊಬ್ಬರಾಗಿ ಉಳಿದವರು, ಗದ್ದೆಗೆ ಇಳಿಯುವವರ ಹಾಗೆ ಕಾಲಲ್ಲಿ ನೆಲ ತಡವುತ್ತ.

ನಾನೂ ಇಳಿದೆ. ಅಲೆ ಬಂದು ಮೊಣಕಾಲಿಗೆ ಸುತ್ತಿಕೊಂಡಿತು. ಮುನಿಯಲ್ಲಮ್ಮ ನನ್ನ ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡು ಹಿಂದೆಯೇ ನಿಂತಿದ್ದಳು.

ಒಂದು ವರ್ಷದಿಂದ ನಾನು ಆ ನೀರು ತಣ್ಣಗಿರುತ್ತದೆ ಎಂದುಕೊಂಡಿದ್ದೆ. ತಣ್ಣಗಿರಲಿಲ್ಲ.