ಖಾಲಿ ತೋಟಾ ಹಾರುವ ದೂರ

ಬೂಟಿನ ದಾರದ ಗಂಟಿಗೆ ಒರಗಿಕೊಂಡು ಒಂದು ಖಾಲಿ ತೋಟಾ ಕೂತಿದೆ, ಹಿತ್ತಾಳೆಯದು, ಇನ್ನೂ ಬೆಚ್ಚಗಿರಬೇಕು, ಪಕ್ಕದ ಜಲ್ಲಿಯ ಮೇಲೆ ಇನ್ನೊಂದು, ಅದರಾಚೆ ಮತ್ತೊಂದು, ಎಲ್ಲ ಒಂದು ಮಾರಿನೊಳಗೆ, ಕೋಳಿಗೆ ಕಾಳು ಚೆಲ್ಲಿದ ಹಾಗೆ — ಲೆಂಪಿ ಅದನ್ನೇ ನೋಡುತ್ತ ನಿಂತಳು, ಗುರಿಯ ಕಡೆ ನೋಡಬೇಕಿತ್ತು, ಆದರೆ ಪಿಸ್ತೂಲು ಆಗಲೇ ಟಕ್ ಎಂದು ಸುಮ್ಮನಾಗಿದೆ, ಗುರಿಗೆ ನಿಲ್ಲಿಸಿದ ಐದು ಉಕ್ಕಿನ ತಟ್ಟೆಗಳಲ್ಲಿ ನಾಲ್ಕನೆಯದಕ್ಕೆ ಬಂದಾಗ, ಇವತ್ತು ಹೀಗಾಗುತ್ತಿರುವುದು ಮೂರನೆಯ ಸಲ, ಹಿಡಿಯೊಳಗಿನ ಮ್ಯಾಗಝೀನಿನಲ್ಲಿ ಏಳು ತೋಟಾ ಹಾಗೇ ಕೂತಿವೆ, ಮೇಲಿನದು ಏರಿ ಬರಬೇಕಿತ್ತು, ಬರಲಿಲ್ಲ. ಟೀಚರ್, ಖಾಲಿ ಮಾಡಿ ತೋರ್ಸಿ, ಎನ್ನುತ್ತಾನೆ ವೆಸ್, ಗುಂಡು ಹಾರಿಸುವ ಕ್ಲಬ್ಬಿನ ಪಂದ್ಯ ನಡೆಸುವವನು, ನಾಲ್ಕನೇ ಕ್ಲಾಸಿನಲ್ಲಿ ಇವಳೇ ಮಗ್ಗಿ ಹೇಳಿಕೊಟ್ಟ ಹುಡುಗ, ಈಗ ಗಡ್ಡ ನರೆತಿದೆ, ಟೀಚರ್ ತಪ್ಪು ತಿಳ್ಕೋಬೇಡಿ, ಕೊನೇ ಸುತ್ತಲ್ಲೂ ಹಿಂಗೇ ಆದ್ರೆ ಮುಂದಿನ ತಿಂಗಳಿಂದ ನೀವು ಅಂಕ ಬರೆಯೋ ಮೇಜಲ್ಲಿ ಕೂತ್ಬಿಡಿ, ಹೆಂಗೂ ನಿಮ್ಮ ಅಕ್ಷರ ಮುತ್ತಿನಂಗಿದೆ — ಮುತ್ತಂತೆ, ಇವನ ಕೋಳಿಕಾಲು ಅಕ್ಷರವನ್ನು ತಿದ್ದಿ ತಿದ್ದಿ ಇವಳ ಕಣ್ಣು ಹೋಗಿತ್ತು, ಈಗ ಇವಳನ್ನೇ ಬೆಂಚಿಗೆ ಕಳಿಸುತ್ತಾನೆ. ಕೈ ಸೋತಿದೆ ಎಂದು ಬಾಯಿಬಿಟ್ಟು ಹೇಳುತ್ತಿಲ್ಲ ಅಷ್ಟೇ. ಎಲ್ಲರೂ ಅದನ್ನೇ ಅಂದುಕೊಂಡಿದ್ದಾರೆ, ಫೆಬ್ರವರಿಯಲ್ಲಿ ಉಗಿಸ್ನಾನದ ಸೌನಾದ ಮೆಟ್ಟಿಲ ಮಂಜಿನ ಮೇಲೆ ಜಾರಿ ಬಿದ್ದದ್ದು, ಮಣಿಕಟ್ಟು ಮುರಿದದ್ದು, ಏಪ್ರಿಲ್‌ವರೆಗೆ ಬಿಳಿ ಪಟ್ಟಿ, ಊರಿಗೆಲ್ಲ ಗೊತ್ತು, ಕೈ ಗಟ್ಟಿಯಾಗಿ ಹಿಡಿಯದಿದ್ದರೆ ಪಿಸ್ತೂಲು ಹೊಡೆತದ ಜೊತೆಗೇ ಹಿಂದಕ್ಕೆ ಬಾಗುತ್ತದೆ, ಮೇಲಿನ ಜಾರುವ ಭಾಗ, ಸ್ಲೈಡ್, ಪೂರ್ತಿ ಹಿಂದೆ ಹೋಗುವುದಿಲ್ಲ, ಹೋಗದಿದ್ದರೆ ಮುಂದಿನ ತೋಟಾವನ್ನು ಎತ್ತಿಕೊಳ್ಳುವುದಿಲ್ಲ, ಅದೂ ಎಲ್ಲರಿಗೂ ಗೊತ್ತು, ಲೆಂಪಿಗೂ ಗೊತ್ತು, ಅದಕ್ಕೇ ಎರಡು ತಿಂಗಳು ಗಂಜಿ ತಿರುವುತ್ತ ಇನ್ನೊಂದು ಕೈಯಲ್ಲಿ ರಬ್ಬರ್ ಚೆಂಡು ಹಿಸುಕಿದ್ದು.

ಆದರೂ ಕೈಯೊಂದನ್ನೇ ದೂರಬಾರದು ಎಂದು ಪುಸ್ತಕ ಇಟ್ಟಿದ್ದಳಲ್ಲ, ಮ್ಯಾಗಝೀನುಗಳಿಗೆ ಉಗುರುಬಣ್ಣದಲ್ಲಿ ಒಂದು, ಎರಡು, ಮೂರು ಎಂದು ಗುರುತು, ಯಾವುದರಲ್ಲಿ ಯಾವಾಗ ನಿಂತಿತು ಎಂದು ದಿನಾಂಕ ಸಮೇತ, ಮೂರರಲ್ಲೂ ನಿಂತಿತು, ಹಾಗಾದರೆ ಮ್ಯಾಗಝೀನಿನ ತಪ್ಪಲ್ಲ, ಸ್ಪ್ರಿಂಗ್ ಹೊಸದು, ತೋಟಾ ನಳಿಕೆಯ ಬಾಯಿಗೆ ಏರುವ ಇಳಿಜಾರನ್ನು ಹಳೆ ಬನಿಯನ್ ಬಟ್ಟೆಯಲ್ಲಿ ಉಜ್ಜಿ ಮುಖ ಕಾಣುವಂತೆ ಮಾಡಿದ್ದಾಳೆ, ಖಾಲಿ ತೋಟಾ ಎಳೆಯುವ ಕೊಕ್ಕೆಯ ಸಂದಿಗೆ ಹಲ್ಲುಜ್ಜುವ ಬ್ರಷ್ಷು, ಅದು ಗಂಡನ ಬ್ರಷ್ಷು ಎಂದು ಆಮೇಲೆ ತಿಳಿಯಿತು — ರೈನೊ ಬೆಳಿಗ್ಗೆ ಎಣ್ಣೆ ವಾಸನೆ ಎಂದು ಕೂಗಿದ್ದ, ಲೆಂಪೀ, ನನ್ನ ಬಾಯೇನು ಬಂದೂಕಿನ ನಳಿಕೇನಾ — ನಗು ಬರುತ್ತದೆ, ಈಗಲೂ. ಕೊನೆಗೆ ಕಳೆದ ತಿಂಗಳು ವೆಸ್ ತಾನೇ ಹಿಡಿದು ಹತ್ತು ಗುಂಡು ಹೊಡೆದ, ಒಂದೂ ನಿಲ್ಲಲಿಲ್ಲ, ಪಿಸ್ತೂಲಿಗೇನೂ ಆಗಿಲ್ಲ ಟೀಚರ್, ಎಂದ, ಉಳಿದದ್ದನ್ನು ಇವಳೇ ಪುಸ್ತಕದಲ್ಲಿ ಬರೆದುಕೊಂಡಳು, ಕೈ. ಅವತ್ತು ಅವನ ಖಾಲಿ ತೋಟಾಗಳು ಬಿಸಿಲಲ್ಲಿ ಗಿರ್ರನೆ ತಿರುಗುತ್ತ, ಮಿಡತೆಯ ಹಾಗೆ, ಅಷ್ಟು ದೂರದ ಜರೀಗಿಡಗಳಿಗೆ ಹೋಗಿ ಬಿದ್ದಿದ್ದವು, ಖಾಲಿ ತೋಟಾಕ್ಕೆ ಮತ್ತೆ ಮದ್ದು ತುಂಬುವವನು ರೈನೊ, ಕಾಫಿ ಡಬ್ಬಿ ಹಿಡಿದು ಸೊಳ್ಳೆ ಕಡಿಸಿಕೊಳ್ಳುತ್ತ ಹುಡುಕಿದ್ದ, ಈ ವೆಸ್ ಹೊಡೆದ್ರೆ ನಾನು ಕಾಡು ಅಲೀಬೇಕು, ನಿಂದಾದ್ರೆ ಎಷ್ಟು ಸುಖ ಕಣೇ, ಈಚೀಚೆಗೆ ಬಗ್ಗಿದ್ರೆ ಸಾಕು, ಎಲ್ಲ ಒಂದೇ ಕಡೆ — ಈಚೀಚೆಗೆ. ಈಚೀಚೆಗೆ ಎಂದನಲ್ಲ, ಅಂದರೆ ಮೊದಲು ಹೀಗಿರಲಿಲ್ಲ. ಅದೇ ಪಿಸ್ತೂಲು, ಒಬ್ಬರದು ಜರೀಗಿಡಕ್ಕೆ, ಇನ್ನೊಬ್ಬರದು ಬೂಟಿಗೆ, ಕೈ ಬೇರೆ, ಹೌದು, ಕೈ ಮಾತ್ರವೇ? ವೆಸ್ ಅವತ್ತು ತೋಟಾ ತೆಗೆದದ್ದು ಎಲ್ಲಿಂದ — ತನ್ನ ಅಂಗಿಯ ಜೇಬಿನಿಂದ, ಅಂಗಡಿಯ ಡಬ್ಬಿಯಿಂದ, ರೈನೊ ತುಂಬಿದ್ದಲ್ಲ, ಅಯ್ಯೋ ದೇವರೇ, ರೈನೊ ತುಂಬಿದ್ದಲ್ಲ.

ರೈನೊ, ಬಾ ಇಲ್ಲಿ. ಅವನು ಬರುತ್ತಾನೆ, ಬಾಯ್ತುಂಬ ಮಾಂಸ ತುಂಬಿ ಬೇಯಿಸಿದ ಪ್ಯಾಸ್ಟಿ, ಗಡ್ಡದಲ್ಲಿ ಪುಡಿ. ಮದ್ದು ಎಷ್ಟು ಹಾಕ್ತಿದೀಯ? ಟೋಪಿ ತೆಗೆಯುತ್ತಾನೆ, ಹಾಕಿಕೊಳ್ಳುತ್ತಾನೆ, ನಲವತ್ತು ವರ್ಷದಿಂದ ನೋಡಿದ ಟೋಪಿ, ಸುಳ್ಳು ಹೇಳಲಾರದವನ ಟೋಪಿ. ಒಂಚೂರು ಕಡ್ಮೆ. ಏಪ್ರಿಲಿಂದ. ನಿನ್ನ ಕೈ ಜಗ್ಗಬಾರ್ದು ಅಂತ. ಒಂಚೂರು ಅಂದ್ರೆ? ಮೊದ್ಲು ಒಂಚೂರು... ಆಮೇಲೆ ನಿಂಗೆ ಗುಂಡು ನಿಲ್ತಾನೇ ಇತ್ತಲ್ಲ, ಕೈ ಇನ್ನೂ ನೋಯ್ತಿದೆ ಅನ್ಕೊಂಡೆ, ಪ್ರತಿಸಲ ನಿಂತಾಗ್ಲೂ ಇನ್ನೊಂಚೂರು ಕಡ್ಮೆ ಮಾಡ್ದೆ — ಅಂದರೆ ನಿಂತದ್ದಕ್ಕೆ ಮದ್ದು ಕಡಿಮೆ, ಸ್ಲೈಡನ್ನು ಹಿಂದೆ ನೂಕಲಾರದಷ್ಟು ಕಡಿಮೆಯಾದದ್ದಕ್ಕೆ ನಿಂತದ್ದು, ನೆಲಮಾಳಿಗೆಯಲ್ಲಿ ಕನ್ನಡಕ ಏರಿಸಿಕೊಂಡು, ತಕ್ಕಡಿಯಲ್ಲಿ ಸಾಸಿವೆಯಷ್ಟು ಸಾಸಿವೆಯಷ್ಟು ತೆಗೆಯುತ್ತ, ಪ್ರೀತಿಯಿಂದ ಇವಳ ಕೈಗೆ ಕೆಟ್ಟ ಹೆಸರು ತುಂಬುತ್ತಿದ್ದ ಮನುಷ್ಯ, ಸಿಟ್ಟು ಬರಬೇಕು, ಎಲ್ಲಿದೆ ಸಿಟ್ಟು, ಹೊಟ್ಟೆಯಿಂದ ನಗು ಉಕ್ಕುತ್ತಿದೆ, ಲೋ ಮುದುಕಪ್ಪ, ಗುಂಡು ನಳಿಕೆಯಲ್ಲೇ ಸಿಕ್ಕಿಕೊಂಡಿದ್ರೆ ಏನೋ ಗತಿ, ತಡಿ, ನೋಡ್ತೀನಿ — ನಳಿಕೆ ಬಿಚ್ಚಿ ಬೆಳಕಿಗೆ ಹಿಡಿಯುತ್ತಾಳೆ, ಈ ಕಡೆಯಿಂದ ಆ ಕಡೆಗೆ ಒಂದು ದುಂಡನೆಯ ಆಕಾಶ, ಶುಭ್ರ, ಎರಡು ಸಲ ನೋಡುತ್ತಾಳೆ, ಮೂರನೆಯ ಸಲವೂ. ಮಾರ್ಲಿಸ್ ತನ್ನ ತೋಟಾ ಡಬ್ಬಿ ನೂಕುತ್ತಾಳೆ, ಎದುರು ಮನೆಯ ಗೆಳತಿ, ತಗೋ ಲೆಂಪಿ, ಅಂಗಡೀದು, ಕತ್ತೆ ಥರ ಒದೆಯತ್ತೆ, ಹುಷಾರು, ನಿನ್ನ ಗಂಡನ ಥರ ಮೆತ್ತಗಿಲ್ಲ.

ಸರೋವರದ ಗಾಳಿ ಕುತ್ತಿಗೆಗೆ ತಣ್ಣಗೆ. ಐದು ತಟ್ಟೆ, ಬಿಳಿ. ನಿಜವಾಗಿ ಕೈಯೇ ಸೋತಿದ್ದರೆ ಈಗ ಗೊತ್ತಾಗುತ್ತದೆ, ಇನ್ನು ದೂರಲು ಯಾರೂ ಇಲ್ಲ, ಮದ್ದೂ ಇಲ್ಲ, ಗಂಡನೂ ಇಲ್ಲ, ಮುರಿದು ಕೂಡಿದ ಈ ಮೂಳೆ ಮಾತ್ರ. ರೆಡಿನಾ ಟೀಚರ್? ಉಸಿರು. ವೆಸ್‌ನ ಗಡಿಯಾರ ಬೀಪ್ ಎಂದಿತು — ಒದೆಯಿತು, ನಿಜವಾಗಿ ಒದೆಯಿತು, ಮಣಿಕಟ್ಟು ತಾಳಿಕೊಂಡಿತು, ಬಾಗಲಿಲ್ಲ, ಟಣ್, ಇನ್ನೊಂದು ತೋಟಾ ಏರಿ ಬಂತು, ಏರಿ ಬಂತು, ಟಣ್, ಬಲಗಣ್ಣಿನ ಅಂಚಿನಲ್ಲಿ ಹಳದಿ ಮಿಂಚು, ಟಣ್, ಹಿಂದೆ ರೈನೊ ಏನೋ ಕೂಗುತ್ತಾನೆ, ಟಣ್, ನೋಯುತ್ತಿದೆ, ನೋಯಲಿ, ರೊಟ್ಟಿಯ ಹಿಟ್ಟು ನಾದಿದ ಕೈ ನೋಯುವ ಹಾಗೆ ಒಳ್ಳೆಯ ನೋವು, ಟಣ್ — ಐದನೆಯದೂ ಬಿತ್ತು, ವೆಸ್ ಗಡಿಯಾರ ನೋಡುವುದನ್ನು ಮರೆತಿದ್ದಾನೆ, ಮತ್ತು ಕೊನೆಯ ಖಾಲಿ ತೋಟಾ, ತಲೆಗಿಂತ ಎತ್ತರಕ್ಕೆ, ಜರೀಗಿಡಗಳ ಕಡೆಗೆ, ಜೂನಿನ ಬಿಸಿಲಿನಲ್ಲಿ ಗಿರ್ರನೆ, ಹಿತ್ತಾಳೆ, ತಿರುಗುತ್ತ, ತಿರುಗುತ್ತ —