ಕೇಳದೆ ಹಾಕಿದ ಫೋಟೊ

ನನ್ನದೊಂದು ಟೈಲರ್ ಅಂಗಡಿ. ಹೊಸ ಬಟ್ಟೆ ಹಾಕಿಕೊಂಡವರನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಫೋಟೊ ತೆಗೆದು, ಅಂಗಡಿಯ ಪೇಜಿಗೆ ಹಾಕುವುದು ನನ್ನ ರೂಢಿ. ಮದುಮಗಳಿಂದ ಹಿಡಿದು ಪೋಸ್ಟ್‌ಮನ್‌ವರೆಗೆ ಎಲ್ಲರೂ ಅಲ್ಲಿದ್ದಾರೆ. ನನ್ನ ತಮ್ಮ ಮಾತ್ರ ಇರಲಿಲ್ಲ.

ತಮ್ಮ ಲಿಫ್ಟ್ ಮೆಕ್ಯಾನಿಕ್. ಅದೇ ಕಂಪನಿಯ ವೆಲ್ಡರ್ ಒಬ್ಬನ ಜೊತೆ ಹತ್ತು ವರ್ಷದಿಂದ ಸಂಸಾರ ಮಾಡಿಕೊಂಡಿದ್ದಾನೆ. ಇಬ್ಬರೂ ಬಂದರೆ ನಾನು ಹಿಂದಿನ ಕೋಣೆಗೆ ಕರೆದು ಅಳತೆ ತೆಗೆಯುತ್ತಿದ್ದೆ. ಗಿರಾಕಿಗಳು ಕೇಳಿದರೆ "ತಮ್ಮನ ರೂಮ್‌ಮೇಟ್" ಎನ್ನುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ.

ಈ ಸಲ ಕಂಪನಿ ಇಬ್ಬರನ್ನೂ ಆರು ತಿಂಗಳ ಕೆಲಸಕ್ಕೆ ಹೊರದೇಶಕ್ಕೆ ಆರಿಸಿತು. ಒಂದೇ ಥಾನಿನ ಬಟ್ಟೆಯಲ್ಲಿ ಇಬ್ಬರಿಗೂ ಶರ್ಟ್ ಹೊಲಿದೆ. ಹಳೆಯ ತಪ್ಪು ಸರಿಹೋಗಲಿ ಎಂದುಕೊಂಡು ಅವರ ಫೋಟೊವನ್ನೂ ಪೇಜಿಗೆ ಹಾಕಿದೆ. "ನನ್ನ ತಮ್ಮ, ಅವನ ಬಾಳಸಂಗಾತಿ" ಎಂದು ಬರೆದೆ. ಯಾವ ದೇಶ, ಯಾವ ಹೋಟೆಲು, ಯಾವ ತಾರೀಕು, ಅದನ್ನೂ ಬರೆದೆ. ಕಾಲರ್ ಹೇಗಿರಲಿ, ಜೇಬು ಎಲ್ಲಿರಲಿ ಎಂದು ಹತ್ತು ಸಲ ಕೇಳಿದವಳು, ಫೋಟೊ ಹಾಕಲಾ ಎಂದು ಒಂದು ಸಲವೂ ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ, ಪಕ್ಕದಲ್ಲಿ ವಿಮಾನದ ಟಿಕೆಟ್ ಮಾಡಿಕೊಡುವ ಹುಡುಗಿ ಬರಿಗಾಲಲ್ಲಿ ಓಡಿಬಂದಳು.

"ಅಕ್ಕ, ಮೊದ್ಲು ಆ ಫೋಟೊ ತೆಗೀರಿ!"

"ಯಾಕೇ? ನಮ್ಮಲ್ಲಿ ಅದೇನೂ ಅಪರಾಧ ಅಲ್ವಲ್ಲ!"

"ನಮ್ಮಲ್ಲಿ ಅಲ್ಲ. ಅವ್ರು ಹೋಗ್ತಿರೋ ದೇಶದಲ್ಲಿ ಜೈಲಿಗೆ ಹಾಕ್ತಾರೆ. ಗಡಿ ದಾಟಿದ್ರೆ ಕಾನೂನೇ ಬೇರೆ ಅಕ್ಕ. ಒಂದು ಕಡೆ ಇಂಥವರು ಮದುವೆನೇ ಆಗ್ಬಹುದು. ಇನ್ನೊಂದು ಕಡೆ ಕೇಸಿಲ್ಲ, ಆದ್ರೆ ಕೆಲಸದಿಂದ ತೆಗೆದ್ರೆ ಕೇಳೋರೂ ಇಲ್ಲ. ಮತ್ತೊಂದು ಕಡೆ ಫೋನಲ್ಲಿರೋ ಫೋಟೊನೇ ಸಾಕ್ಷಿ ಆಗುತ್ತೆ."

"ಅವ್ರೇನು ಬೀದೀಲಿ ಕೈಕೈ ಹಿಡ್ಕೊಂಡು ಓಡಾಡ್ತಾರಾ? ತಮ್ಮ ಪಾಡಿಗೆ ಲಿಫ್ಟ್ ರಿಪೇರಿ ಮಾಡ್ಕೊಂಡಿರ್ತಾರೆ."

"ಅವ್ರು ಯಾರಿಗೂ ಹೇಳಲ್ಲ ಅಕ್ಕ. ನೀವು ಊರಿಗೆಲ್ಲ ಹೇಳಿದೀರಲ್ಲ!"

ತಕ್ಷಣ ಫೋಟೊ ಅಳಿಸಿದೆ. ಅಷ್ಟರಲ್ಲಿ ನಲವತ್ತು ಜನ ಅದನ್ನು ಹಂಚಿಕೊಂಡಾಗಿತ್ತು. ಅವರಲ್ಲಿ, ಇವರ ಜೊತೆ ಆ ದೇಶಕ್ಕೇ ಹೊರಟಿದ್ದ ಸೂಪರ್‌ವೈಸರ್ ಕೂಡ ಇದ್ದ.

ಇಬ್ಬರನ್ನೂ ಕರೆಸಿ ವಿಷಯ ಹೇಳಿದೆ. ತಮ್ಮ ಬಯ್ಯಲಿಲ್ಲ. "ಹತ್ತು ವರ್ಷ ನೀನೇ ಮುಚ್ಚಿಟ್ಟೆ ಅಕ್ಕ. ಹೇಳೋಕೆ ಇದೇ ದಿನ ಬೇಕಿತ್ತಾ?" ಎಂದ.

ವೆಲ್ಡರ್ ನನಗೆ ನೀರು ತಂದುಕೊಟ್ಟ. "ಅಕ್ಕ, ತಪ್ಪು ನಮ್ದೂ ಇದೆ. ಕೆಲಸ ಸಿಕ್ತಲ್ಲ ಅನ್ನೋ ಖುಷೀಲಿ ಅಲ್ಲಿನ ಕಾನೂನು ಏನು ಅಂತ ನಾವೂ ವಿಚಾರಿಸ್ಲಿಲ್ಲ" ಎಂದ. ನಾನು ರೂಮ್‌ಮೇಟ್ ಮಾಡಿಟ್ಟವನು ನನ್ನನ್ನು ಅಕ್ಕ ಎನ್ನುತ್ತಿದ್ದ. ನಾಚಿಕೆಯಿಂದ ಕುಗ್ಗಿಹೋದೆ.

ಇಬ್ಬರೂ ಹೊರದೇಶದ ಆ ಕೆಲಸ ಬೇಡವೆಂದರು. ಆಸೆಪಟ್ಟು ಕಾದಿದ್ದ ಅವಕಾಶ ನನ್ನಿಂದ ಹೋಯಿತೋ, ಆ ದೇಶದ ಕಾನೂನಿನಿಂದ ಹೋಯಿತೋ, ಲೆಕ್ಕ ಹಾಕಲು ಧೈರ್ಯವಿಲ್ಲ. ಈಗ ನಮ್ಮ ಮನೆಯಲ್ಲಿ ಯಾರೇ ಹೊರದೇಶದ ಮಾತೆತ್ತಲಿ, ಮೊದಲು ಆ ಹುಡುಗಿಯ ಹತ್ತಿರ ಕೂತು ವಿಚಾರಿಸುತ್ತೇವೆ.

ಓದುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಇಂಥ ಜೋಡಿ ಇರಬಹುದು. ಅವರು ಹೊರಡುವ ಮೊದಲೇ ಆ ದೇಶದ ಕಾನೂನು ತಿಳಿದುಕೊಳ್ಳಲಿ. ನಡುವೆ ವಿಮಾನ ಬದಲಿಸುವ ದೇಶದ್ದನ್ನೂ ನೋಡಲಿ. ನಮ್ಮ ರಾಯಭಾರ ಕಚೇರಿಯ ನಂಬರನ್ನು, ನಂಬಿಕೆಯ ವಕೀಲರೊಬ್ಬರ ನಂಬರನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಲಿ. ಗಂಡಾಗಿಯೋ ಹೆಣ್ಣಾಗಿಯೋ ಗುರುತು ಬದಲಿಸಿಕೊಂಡವರು, ಪಾಸ್‌ಪೋರ್ಟಿನಲ್ಲೂ ಟಿಕೆಟ್ಟಿನಲ್ಲೂ ಒಂದೇ ಹೆಸರಿದೆಯೇ ನೋಡಿಕೊಳ್ಳಲಿ. ನೀವು ಮಾಡಬೇಕಾದದ್ದು ಇಷ್ಟೇ: ಅವರ ವಿಷಯವನ್ನು ಅವರನ್ನು ಕೇಳದೆ ಯಾರಿಗೂ ಹೇಳಬೇಡಿ, ಎಲ್ಲೂ ಹಾಕಬೇಡಿ. ಪ್ರೀತಿಯಿಂದಲೂ ಬೇಡ. ನಾನು ಹಾಕಿದ್ದು ಪ್ರೀತಿಯಿಂದಲೇ.